ಪುಟದ ಹಿಂದಿನ ಪುಟಗಳು

ಯಾರು ಬೇಕಾದರೂ ಬರೆಯಬಹುದು, ಬರೆದುದನ್ನು ಯಾರು ಬೇಕಾದರೂ ತಿದ್ದಬಹುದು ಎಂಬ ನಿಯಮದ ಮೇಲೆ ನಿಂತಿರುವ ವಿಕಿಪೀಡಿಯವನ್ನು ಕುರಿತು ವಿದ್ವಾಂಸರು ಎತ್ತುವ ಆಕ್ಷೇಪ ಸಣ್ಣದಲ್ಲ: ಅಧಿಕಾರಯುಕ್ತನಾದ ಸಂಪಾದಕನೇ ಇಲ್ಲದ ಗ್ರಂಥಕ್ಕೆ ಪ್ರಾಮಾಣ್ಯವೆಲ್ಲಿಂದ ಬಂದೀತು? ಇದಕ್ಕೆ ಸಮಾಧಾನವನ್ನು ಲೇಖನದಲ್ಲಲ್ಲ, ಅದರ ಬೆನ್ನಿಗಿರುವ ‘ಇತಿಹಾಸ’ದ ಪುಟದಲ್ಲಿ ಹುಡುಕಬೇಕೆಂಬುದು ನನ್ನ ಅಭಿಮತ.

1995ರಲ್ಲಿ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ರಚಿಸಿದ ವಿಕಿಯ ವಿಧಾನವನ್ನು ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಅವರು 2001ರಲ್ಲಿ ವಿಶ್ವಕೋಶಕ್ಕೆ ಅನ್ವಯಿಸಿದರು. ತಜ್ಞರ ಪರಿಶೀಲನೆಯನ್ನೇ ನೆಚ್ಚಿದ್ದ ಅವರ ಮೊದಲಿನ ನ್ಯೂಪೀಡಿಯ ತೆವಳುತ್ತಲೇ ಉಳಿದಿತ್ತು. ವಿಕಿಪೀಡಿಯದಲ್ಲಿ ಒಂದು ಅಲ್ಪವಿರಾಮವನ್ನು ಕದಲಿಸಿದರೂ ಹಳೆಯ ಪಾಠವು ಸಾಮಾನ್ಯವಾಗಿ ಅಳಿಯುವುದಿಲ್ಲ. ಯಾವ ದಿನ, ಯಾವ ಗಳಿಗೆಯಲ್ಲಿ, ಯಾವ ಖಾತೆಯಿಂದ ಏನು ಬದಲಾಯಿತೆಂಬುದೆಲ್ಲವೂ ದಾಖಲಾಗುವುದರಿಂದ, ಕೆಡಿಸಿದುದನ್ನು ಪೂರ್ವಸ್ಥಿತಿಗೆ ತರುವ ಶ್ರಮವು ಕೆಡಿಸುವ ಶ್ರಮಕ್ಕಿಂತ ಕಡಿಮೆ. ನಮ್ಮ ತಾಳೆಗರಿಗಳ ಲಿಪಿಕಾರರು ಮೌನವಾಗಿ ಮಾಡಿದ ತಿದ್ದುಪಡಿಗಳನ್ನು ಊಹಿಸಲು ಗ್ರಂಥಸಂಪಾದಕರು ಕಣ್ಣು ಸವೆಸಿದುದನ್ನು ನೆನೆದರೆ, ಸಕಲ ಪಾಠಾಂತರಗಳೂ ಓದುಗನ ಕೈಗೆ ನೇರವಾಗಿ ದೊರೆಯುವ ಈ ವ್ಯವಸ್ಥೆಯನ್ನು ನಾನು ಮನಸಾರೆ ಗೌರವಿಸದಿರಲಾರೆ.

ಆದರೆ ದಾಖಲೆಯು ತಾನಾಗಿ ತಪ್ಪನ್ನು ತಿದ್ದದು. ಅದನ್ನು ನೋಡುವ ಕಣ್ಣು ಬೇಕು. ಪತ್ರಕರ್ತರಾದ ಜಾನ್ ಸೀಗೆಂಥಾಲರ್ ಅವರು ಕೆನಡಿ ಸೋದರರ ಕೊಲೆಯಲ್ಲಿ ಶಂಕಿತರಾಗಿದ್ದರೆಂಬ ಹಸಿಸುಳ್ಳು 2005ರಲ್ಲಿ ಸುಮಾರು ನಾಲ್ಕು ತಿಂಗಳು ಇಂಗ್ಲಿಷ್ ವಿಕಿಪೀಡಿಯದಲ್ಲಿ ಉಳಿದುದಕ್ಕೆ, ಆ ಪುಟವನ್ನು ಕಾಯುವವರಿಲ್ಲದಿದ್ದುದೇ ಕಾರಣ. ಆ ವರ್ಷದ ಡಿಸೆಂಬರಿನಿಂದ, ನೋಂದಾಯಿಸಿಕೊಳ್ಳದವರು ಅಲ್ಲಿ ಹೊಸ ಲೇಖನವನ್ನು ಆರಂಭಿಸದಂತೆ ನಿರ್ಬಂಧಿಸಲಾಯಿತು.

ಅಂತಹ ವಿಶಾಲ ಸಮುದಾಯದಲ್ಲಿಯೇ ಹೀಗಾದರೆ, 2003ರಲ್ಲಿ ಆರಂಭವಾಗಿ ಇಂದಿಗೂ ಕೆಲವೇ ಮಂದಿಯ ನಿಷ್ಠೆಯಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯದ ಪಾಡೇನು? ‘ಚುಟುಕು’ ಎಂಬ ಗುರುತಿನೊಡನೆ ಬೆಳವಣಿಗೆಯಿಲ್ಲದೆ ನಿಂತ ಲೇಖನಗಳೂ, ತಪ್ಪು ಇಸವಿಯನ್ನು ಹೊತ್ತು ಕುಳಿತ ಜೀವನಚರಿತ್ರೆಗಳೂ ಅಲ್ಲಿ ಉಂಟು. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟುದು ಉದಾರವಾದ ಕಾರ್ಯವೇ ಸರಿ. ಆದರೆ ಆ ಸಾಮಗ್ರಿಯನ್ನು ಇಂದಿನ ಕಾಲಕ್ಕೆ ಪರಿಷ್ಕರಿಸಬೇಕಾದವರು ಆಯಾ ಶಾಸ್ತ್ರವನ್ನು ಬಲ್ಲವರು. ಸಭೆಗಳಲ್ಲಿ ಈ ತಪ್ಪುಗಳನ್ನು ಎತ್ತಿ ಆಡುವ ನಮ್ಮ ಪ್ರಾಧ್ಯಾಪಕರು, ಅದೇ ಮಾತನ್ನು ಗ್ರಂಥದ ಹೆಸರು, ಪುಟಸಂಖ್ಯೆಗಳ ಸಮೇತ ಆ ಲೇಖನದ ಚರ್ಚಾಪುಟದಲ್ಲಿ ಬರೆಯಲಿ. ಸಂಶಯವಿದ್ದರೆ ಸಂಪಾದಕರೆಲ್ಲರೂ ಕಲೆತು ಮಾತಾಡುವ ‘ಅರಳಿ ಕಟ್ಟೆ’ಯಲ್ಲಿ ಕೇಳಲಿ. ತಮ್ಮ ವಿಷಯಕ್ಕೆ ಸೇರಿದ ಹತ್ತು ಪುಟಗಳನ್ನು ಒಬ್ಬೊಬ್ಬರು ವೀಕ್ಷಣಾಪಟ್ಟಿಗೆ ಸೇರಿಸಿಕೊಂಡು ಆಗಾಗ ನೋಡುತ್ತಿದ್ದರೂ, ಶಾಲೆಯ ಹುಡುಗನೊಬ್ಬ ನಾಳೆ ನಕಲು ಮಾಡಿಕೊಳ್ಳುವ ಇಸವಿಯಾದರೂ ಸರಿಯಾಗಿದ್ದೀತು.