ಕಾದ ಎಂಜಿನ್ನೂ ಕದಲುವ ಮುಳ್ಳೂ

ಶಿವರಾತ್ರಿ, ಯುಗಾದಿ, ದೀಪಾವಳಿಗಳ ಜಾತ್ರೆಯ ಕಾಲದಲ್ಲಿ ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವವರಿಗೆ ತಾಳುಬೆಟ್ಟದಿಂದ ಮೇಲಕ್ಕೆ ಒಂದು ದೃಶ್ಯ ಹೊಸದಲ್ಲ. ತಿರುವಿನ ಪಕ್ಕದಲ್ಲಿ ಬಾನೆಟ್ಟು ತೆರೆದು ನಿಂತ ಕಾರು. ಅದರಿಂದ ಏಳುವ ಹಬೆ. ನೀರಿನ ಬಾಟಲಿ ಹಿಡಿದು ಸುತ್ತ ನಿಂತ ಮನೆಮಂದಿ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟವನ್ನೇರುವ ದಾರಿಯಲ್ಲಿಯೂ, ಸತ್ಯಮಂಗಲದ ಕಡೆಯಿಂದ ನಮ್ಮ ಸೀಮೆಗೆ ಹತ್ತಿ ಬರುವ ದಿಂಬಂ ಘಾಟಿನ ೨೭ ತಿರುವುಗಳಲ್ಲಿಯೂ ಇದೇ ಕಥೆ. ಏರು ದಾರಿಯಲ್ಲಿ ಕಾರು ಕಾಯುವುದು ಆಶ್ಚರ್ಯವೇನೂ ಅಲ್ಲ. ನಮ್ಮ ಆಕ್ಷೇಪವಿರುವುದು, ಅನಂತರ ಅದಕ್ಕೆ ನಡೆಯುವ ಚಿಕಿತ್ಸೆಯ ವಿಷಯದಲ್ಲಿ.

“ಫ್ಯಾನನ್ನು ಡೈರೆಕ್ಟ್ ಮಾಡಿಬಿಡಿ”, “ಥರ್ಮೋಸ್ಟಾಟ್ ಕಿತ್ತುಹಾಕಿ, ನಮ್ಮ ಬಿಸಿಲಿಗೆ ಅದು ಬೇಡ”, “ಸೆನ್ಸರು ಹೋಗಿದೆ, ಬೇರೆ ಹಾಕಿ” — ಊರೂರಿನಲ್ಲಿಯೂ ಕೇಳಿಬರುವ ಔಷಧಗಳು ಈ ಮೂರೇ. ರೋಗಿಯ ನಾಡಿ ಹಿಡಿಯುವ ಮೊದಲೇ ಕೊಡುವ ಔಷಧಗಳಿವು. ಯಾವ ಭಾಗವನ್ನೂ ಬಿಚ್ಚುವ ಮುನ್ನ ಹತ್ತು ನಿಮಿಷ ವಿಚಾರಣೆ ನಡೆಸಬೇಕು. ಆ ವಿಚಾರಣೆಗೆ ಬೇಕಾದ ವಿಜ್ಞಾನ ಪ್ರೌಢಶಾಲೆಯ ಪಠ್ಯಪುಸ್ತಕದಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ.

ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲೊಂದು ಪಾಲು ಕಾರನ್ನು ಓಡಿಸಲು ಒದಗುತ್ತದೆ. ಮತ್ತೊಂದು ಪಾಲು ಹೊಗೆಯೊಡನೆ ಹೊರಬೀಳುತ್ತದೆ. ಮಿಕ್ಕುದರಲ್ಲಿ ಬಹುಭಾಗವನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸುತ್ತದೆ. ಕೊಳ್ಳೇಗಾಲ ಯಳಂದೂರುಗಳ ನಡುವಿನ ಬಯಲು ರಸ್ತೆಯಲ್ಲಿ ಗಂಟೆಗೆ ೬೦ ಕಿಲೋಮೀಟರು ವೇಗದಿಂದ ಓಡುವಾಗ ಎದುರುಗಾಳಿಯೇ ಈ ಕೆಲಸಕ್ಕೆ ಸಾಕು. ಫ್ಯಾನು ಬಹುಪಾಲು ಸುಮ್ಮನಿರುತ್ತದೆ. ಘಾಟಿಯಲ್ಲಾದರೋ ಎಂಜಿನ್ನು ಹೆಚ್ಚು ದುಡಿಯುತ್ತದೆ, ಕಾರು ಮಾತ್ರ ತೆವಳುತ್ತದೆ. ಶಾಖ ಹೆಚ್ಚು, ಗಾಳಿ ಕಡಿಮೆ. ಆಗ ಭಾರವೆಲ್ಲ ಫ್ಯಾನಿನ ಮೇಲೆ.

ಇಷ್ಟು ತಿಳಿದರೆ ಮೊದಲನೆಯ ಪ್ರಶ್ನೆ ತಾನಾಗಿಯೇ ಹೊಳೆಯುತ್ತದೆ: ಕಾರು ಕಾದದ್ದು ಯಾವಾಗ? ನಿಂತಾಗ ಅಥವಾ ನಿಧಾನವಾಗಿ ಹೋಗುವಾಗ ಕಾದು, ಬಯಲಿಗೆ ಬಂದು ವೇಗ ಹಿಡಿದೊಡನೆ ತಣಿಯುವುದಾದರೆ, ಫ್ಯಾನು, ಅದರ ಫ್ಯೂಸು, ರಿಲೇ, ತಂತಿ ಇವುಗಳ ಮೇಲೆ ಸಂಶಯ ಪಡಬೇಕು. ಬಯಲಿನಲ್ಲಿ ವೇಗವಾಗಿ ಓಡುವಾಗಲೂ ಕಾಯುವುದಾದರೆ ಫ್ಯಾನು ನಿರಪರಾಧಿ. ನೀರು ಕಡಿಮೆಯಾಗಿರಬಹುದು, ರೇಡಿಯೇಟರಿನ ನಾಳಗಳು ಕಟ್ಟಿಕೊಂಡಿರಬಹುದು, ಪಂಪು ಸೋತಿರಬಹುದು, ಥರ್ಮೋಸ್ಟಾಟು ತೆರೆಯದೆ ಇರಬಹುದು. ಈ ಒಂದು ಪ್ರಶ್ನೆಗೆ ಕಾಸಿನ ಖರ್ಚಿಲ್ಲ.

ಇನ್ನು ಮುಳ್ಳಿನ ಮಾತು. ರೇಷ್ಮೆಯ ನೂಲು ಬಿಚ್ಚುವವರು ಗೂಡು ಬೇಯಿಸುವ ನೀರಿನ ಹದವನ್ನು ಅನುಭವದ ಕೈಯಿಂದಲೇ ಅರಿಯಬಲ್ಲರು. ಕಾರಿನೊಳಗೆ ಕುಳಿತವನಿಗೆ ಆ ಸೌಕರ್ಯವಿಲ್ಲ. ಅವನಿಗೆ ಎದುರಿನ ಮುಳ್ಳೇ ಸಾಕ್ಷಿ. ಆದರೆ ಆ ಸಾಕ್ಷಿ ಎಂಜಿನ್ನನ್ನು ಕಂಡದ್ದಿಲ್ಲ. ಅದು ಬಲ್ಲದ್ದು ಒಂದು ಪುಟ್ಟ ಸೆನ್ಸರಿನ ವಿದ್ಯುತ್ ರೋಧವನ್ನು ಮಾತ್ರ. ತಾಮ್ರದಂಥ ಲೋಹ ಕಾದಷ್ಟೂ ಅದರ ರೋಧ ಹೆಚ್ಚುತ್ತದೆ. ಇದಕ್ಕೆ ವಿರುದ್ಧವಾಗಿ, ಕಾದಷ್ಟೂ ರೋಧ ಇಳಿಯುವ ಗುಣವನ್ನು ಮೈಕೇಲ್ ಫ್ಯಾರಡೆ ೧೮೩೩ರಲ್ಲಿ ಬೆಳ್ಳಿಯ ಸಲ್ಫೈಡಿನಲ್ಲಿ ಕಂಡನು. ಕಾರಿನ ಸೆನ್ಸರಿನಲ್ಲಿರುವ ಥರ್ಮಿಸ್ಟರಿನದೂ ಅದೇ ಸ್ವಭಾವ. ಈಚಿನ ಅನೇಕ ಕಾರುಗಳಲ್ಲಿ ಸೆನ್ಸರಿಗೂ ಮುಳ್ಳಿಗೂ ನಡುವೆ ಒಂದು ಗಣಕವಿದ್ದು, ಉಷ್ಣತೆ ಹಲವು ಡಿಗ್ರಿ ಏರಿಳಿದರೂ ಮುಳ್ಳು ನಡುವಿನಲ್ಲಿಯೇ ನಿಲ್ಲುವಂತೆ ಏರ್ಪಾಡು ಮಾಡಿರುತ್ತಾರೆ. ಚಾಲಕನ ನೆಮ್ಮದಿಗಾಗಿ ಸತ್ಯವನ್ನು ಹೀಗೆ ಮೊಟಕುಗೊಳಿಸುವುದು ನಮಗೆ ಅಷ್ಟಾಗಿ ರುಚಿಸದು.

ನಡುವೆ ನಿಂತಿದ್ದ ಮುಳ್ಳು ಒಂದೇ ಕ್ಷಣದಲ್ಲಿ ಕೆಂಪು ಗೆರೆಗೆ ಹಾರಿತೆಂದು ಭಾವಿಸೋಣ. ಇದನ್ನು ನಂಬಬೇಕೆ? ಎಂಜಿನ್ನಿನಲ್ಲಿ ೬ ಕಿಲೋಗ್ರಾಂ ನೀರಿದೆ, ಅದು ೯೦ ಡಿಗ್ರಿಯಿಂದ ೧೨೦ ಡಿಗ್ರಿ ಸೆಲ್ಸಿಯಸ್ಸಿಗೆ ಏರಿತು ಎನ್ನೋಣ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು ೪.೨ ಕಿಲೋಜೂಲು ಬೇಕು. ೩೦ ಡಿಗ್ರಿಗೆ, ೬ ಕಿಲೋಗ್ರಾಮಿಗೆ, ಸುಮಾರು ೭೫೦ ಕಿಲೋಜೂಲು. ಇದು ಒಂದು ಸೆಕೆಂಡಿನಲ್ಲಿ ಆಗಬೇಕಾದರೆ ೭೫೦ ಕಿಲೋವಾಟು, ಎಂದರೆ ಸುಮಾರು ಸಾವಿರ ಅಶ್ವಶಕ್ತಿಯ ಒಲೆ ಬೇಕು. ಚಿಕ್ಕ ಕಾರಿನ ಎಂಜಿನ್ನು ನೂರು ಅಶ್ವಶಕ್ತಿಯನ್ನೂ ಮುಟ್ಟುವುದಿಲ್ಲ. ಆದ್ದರಿಂದ ಹಾರಿದ್ದು ಉಷ್ಣತೆಯಲ್ಲ, ಬಹುಮಟ್ಟಿಗೆ ತಂತಿಯ ಸಡಿಲ ಜೋಡಣೆಯೇ ಸರಿ. ಗಾಡಿಯನ್ನು ನಿಲ್ಲಿಸಿ ನೋಡುವುದು ಮಾತ್ರ ಆಗಲೂ ವಿವೇಕ.

ಇದಕ್ಕಿಂತ ಅಪಾಯಕರವಾದದ್ದು ಇನ್ನೊಂದಿದೆ. ಮೆದುನಾಳ ಒಡೆದು ನೀರೆಲ್ಲ ಸೋರಿಹೋದಾಗ ಸೆನ್ಸರಿನ ತುದಿ ನೀರಿನಿಂದ ಹೊರಗುಳಿಯಬಹುದು. ನೀರು ಮುಟ್ಟಿಸುವಷ್ಟು ಚೆನ್ನಾಗಿ ಗಾಳಿ ಶಾಖವನ್ನು ಮುಟ್ಟಿಸದು. ಎಂಜಿನ್ನಿನ ಲೋಹ ಸುಡುತ್ತಿರುವಾಗಲೇ ಮುಳ್ಳು ತಣ್ಣಗಿನ ಕಡೆಗೆ ಇಳಿಯುತ್ತದೆ. ಏರುವ ದಾರಿಯಲ್ಲಿ ಮುಳ್ಳು ಕಾರಣವಿಲ್ಲದೆ ಇಳಿದರೆ ಸಮಾಧಾನಪಡದೆ ಕೂಡಲೆ ನಿಲ್ಲಿಸಬೇಕು. ಆದರೆ ಕಾದ ರೇಡಿಯೇಟರಿನ ಮುಚ್ಚಳವನ್ನು ಮುಟ್ಟಕೂಡದು. ಮುಚ್ಚಳದ ಒತ್ತಡವಿರುವವರೆಗೆ ಒಳಗಿನ ನೀರು ೧೧೫ ಡಿಗ್ರಿಯಲ್ಲಿಯೂ ಕುದಿಯದೆ ಇರಬಲ್ಲದು. ತೆರೆದೊಡನೆ ಅದರಲ್ಲಿ ಒಂದಂಶ ತಟ್ಟನೆ ಹಬೆಯಾಗಿ, ಉಳಿದ ಕುದಿನೀರನ್ನು ಮುಖಕ್ಕೆ ಎರಚುತ್ತದೆ. ಸುಮಾರು ೧೫೦೦ ಮೀಟರು ಎತ್ತರದ ಬಿಳಿಗಿರಿಯ ನೆತ್ತಿಯಲ್ಲಿ ಬಯಲು ಪಾತ್ರೆಯ ನೀರು ೯೫ ಡಿಗ್ರಿಗೇ ಕುದಿಯುವುದನ್ನು ನೆನೆದರೆ, ಆ ಮುಚ್ಚಳದ ಬೆಲೆ ತಿಳಿದೀತು. ಅರ್ಧ ಗಂಟೆಯಾದರೂ ಕಾಯಬೇಕು.

ಫ್ಯಾನನ್ನು ಡೈರೆಕ್ಟ್ ಮಾಡುವ ಪದ್ಧತಿಯನ್ನು ನಾವು ಪೂರ್ತಿಯಾಗಿ ಹಳಿಯುವುದಿಲ್ಲ. ಜಾತ್ರೆಯ ರಾತ್ರಿ ಹನೂರಿನ ಆಚೆ ಸಿಕ್ಕಿಬಿದ್ದ ಸಂಸಾರವನ್ನು ಮನೆ ಸೇರಿಸಲು ಮೆಕಾನಿಕ್ಕು ತಂತಿಯೊಂದನ್ನು ಫ್ಯೂಸಿನ ಸಮೇತ ಬ್ಯಾಟರಿಗೆ ಸೇರಿಸಿದರೆ ಅದು ಉಪಕಾರವೇ. ಆದರೆ ಆ ಪ್ರಥಮ ಚಿಕಿತ್ಸೆ ಮೂರು ವರ್ಷ ಹಾಗೆಯೇ ಉಳಿಯುವುದು ಸರಿಯಲ್ಲ. ಫ್ಯಾನು ಏಕೆ ತಿರುಗಲಿಲ್ಲವೆಂಬುದು ಮುಚ್ಚಿಹೋಗುತ್ತದೆ. ಮೋಟಾರು ವ್ಯರ್ಥವಾಗಿ ಸವೆಯುತ್ತದೆ. ಅನೇಕ ಹೊಸ ಕಾರುಗಳಲ್ಲಿ ಸೆನ್ಸರಿನ ಜೋಡಣೆಯನ್ನು ಬಿಚ್ಚಿ ಎಂಜಿನ್ನನ್ನು ಚಾಲೂ ಮಾಡಿದರೆ ಗಣಕವು ಅಪಾಯವೆಂದು ಬಗೆದು ತಾನೇ ಫ್ಯಾನನ್ನು ತಿರುಗಿಸುತ್ತದೆ. ಹಾಗೆ ತಿರುಗಿದರೆ ಮೋಟಾರು, ರಿಲೇ, ಫ್ಯೂಸು ಮೂರೂ ನೆಟ್ಟಗಿವೆ ಎಂದಾಯಿತು.

ಥರ್ಮೋಸ್ಟಾಟನ್ನು ಕೀಳುವುದಕ್ಕೆ ಇಷ್ಟು ಸಮರ್ಥನೆಯೂ ಇಲ್ಲ. ಅದು ಚಳಿದೇಶದವರ ಅಲಂಕಾರವಲ್ಲ. ನೀರು ೮೦–೯೦ ಡಿಗ್ರಿಗೆ ಬರುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟು ಎಂಜಿನ್ನನ್ನು ಹದಕ್ಕೆ ತರುವ ಬಾಗಿಲು ಅದು. ಅದಿಲ್ಲದ ಎಂಜಿನ್ನು ಬಹುಕಾಲ ತಣ್ಣಗೆ ಓಡಿ ಹೆಚ್ಚು ಪೆಟ್ರೋಲು ಕುಡಿಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಅದನ್ನು ಕಿತ್ತರೆ ಪಕ್ಕದ ಅಡ್ಡದಾರಿ ಸದಾ ತೆರೆದಿದ್ದು, ನೀರಿನಲ್ಲಿ ಒಂದು ಭಾಗ ರೇಡಿಯೇಟರನ್ನು ಮುಟ್ಟದೆಯೇ ಹಿಂದಿರುಗಿ, ಕಾರು ಮೊದಲಿಗಿಂತಲೂ ಹೆಚ್ಚು ಕಾಯುವುದುಂಟು! ಕೊಳವೆಬಾವಿಯ ಗಡಸು ನೀರನ್ನು ಸುರಿದು ನಾಳಗಳಲ್ಲಿ ಸುಣ್ಣ ಕಟ್ಟಿಸಿದವರು ಥರ್ಮೋಸ್ಟಾಟನ್ನು ದೂರುವುದು ಇನ್ನೊಂದು ವಿನೋದ.

ಸೆನ್ಸರು ಕೆಟ್ಟಿದೆಯೆ ಎಂಬುದನ್ನು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಯಾವ ವಿದ್ಯಾರ್ಥಿಯಾದರೂ ಪರೀಕ್ಷಿಸಬಹುದು. ತಣಿದ ಎಂಜಿನ್ನಿನಿಂದ ತೆಗೆದ ಸೆನ್ಸರನ್ನು, ಪಾತ್ರೆಯ ತಳಕ್ಕೆ ತಗಲದಂತೆ, ಉಷ್ಣಮಾಪಕದ ಪಕ್ಕದಲ್ಲಿ ನೀರಿನೊಳಗೆ ತೂಗುಬಿಟ್ಟು ಮೆಲ್ಲಗೆ ಕಾಯಿಸಬೇಕು. ಹತ್ತು ಹತ್ತು ಡಿಗ್ರಿಗೆ ಮಲ್ಟಿಮೀಟರಿನಿಂದ ರೋಧವನ್ನು ಅಳೆದು ಬರೆದುಕೊಳ್ಳಬೇಕು. ಸಾಮಾನ್ಯವಾದ ಅನೇಕ ಸೆನ್ಸರುಗಳಲ್ಲಿ ೨೦ ಡಿಗ್ರಿಯಲ್ಲಿ ಎರಡು ಮೂರು ಸಾವಿರ ಓಮ್‌ ಇರುವ ರೋಧ ೮೦ ಡಿಗ್ರಿಯ ಹೊತ್ತಿಗೆ ಮುನ್ನೂರರ ಆಸುಪಾಸಿಗೆ ಇಳಿಯುತ್ತದೆ. ಗ್ರಾಫಿನ ಮೇಲೆ ಎಳೆದ ಗೆರೆ ಎಲ್ಲಿಯೂ ಮುರಿಯದೆ ನಯವಾಗಿ ಇಳಿದು, ತಯಾರಕರು ಕೊಟ್ಟ ಅಂಕಿಗಳಿಗೆ ಹೊಂದಿದರೆ, ಹೊಸ ಸೆನ್ಸರಿನ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ತಂತಿಯನ್ನೂ ಅದರ ಜೋಡಣೆಯನ್ನೂ ಹುಡುಕಲು ಹೊರಡಬಹುದು.