ಬಾಣಂತಿಯ ಫೋಟೋ ದೂರದಿಂದಲೇ ತೆಗೆಯಿರಿ

ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೊರಡುವ ತಾಯಂದಿರು ಈಗ ನಮ್ಮ ಸಣ್ಣಪುಟ್ಟ ಊರುಗಳಲ್ಲೂ ಇದ್ದಾರೆ. ಸೋದರಿ, ನೀವೂ ಹಾಗೆ ಹೋದವರು ನವೆಂಬರ್ ತಿಂಗಳ ಕೊನೆಗೆ ಅಲ್ಲಿದ್ದರೆ, ಅಳಿಯಂದಿರಿಗೆ ಹೇಳಿ ಲಿಂಕನ್‌ಶೈರ್‌ನ ಡೋನಾ ನೂಕ್ ಕಡಲತೀರಕ್ಕೆ ಒಮ್ಮೆ ಹೋಗಿಬನ್ನಿ. ಭಾನುವಾರ ಮಾತ್ರ ಬೇಡ, ವಿಪರೀತ ಜನ. ಅಲ್ಲಿ ನಿಮಗೆ ಕಾಣಸಿಗುವವರೂ ಬಾಣಂತಿಯರೇ! ಬೂದು ಸೀಲ್‌ಗಳು. ನಮ್ಮ ಕಾವೇರಿ, ತುಂಗಭದ್ರೆಯ ನೀರುನಾಯಿ ಅಂದುಕೊಳ್ಳಬೇಡಿ, ಇದು ಬೇರೆಯೇ ಪ್ರಾಣಿ. ಕಡಲಲ್ಲಿ ಮೀನು ಹಿಡಿದು ಬದುಕುವ ಇವು ಹೆರಿಗೆಗೆ ದಡಕ್ಕೇ ಬರಬೇಕು. ಆ ಒಂದು ತೀರದಲ್ಲೇ ವರ್ಷಕ್ಕೆ 2000ಕ್ಕೂ ಹೆಚ್ಚು ಮರಿಗಳು ಹುಟ್ಟುತ್ತವೆ.

ಹತ್ತಿಯಂತೆ ಬೆಳ್ಳಗಿನ ಮರಿ, ಕಪ್ಪು ಬಟ್ಟಲುಗಣ್ಣು. ಕಂಡ ಕೂಡಲೇ ಎಲ್ಲರ ಕೈಯೂ ಕ್ಯಾಮೆರಾಕ್ಕೆ ಹೋಗುತ್ತದೆ. ತಪ್ಪೇನಲ್ಲ ಬಿಡಿ. ಆದರೆ ಆ ತಾಯಿಯ ಕಥೆ ಸ್ವಲ್ಪ ಕೇಳಿ.

ನಮ್ಮ ಎಮ್ಮೆ ಹಾಲಿನಲ್ಲಿ ಜಿಡ್ಡು ನೂರಕ್ಕೆ ಏಳರಷ್ಟು, ಅಲ್ಲವೇ? ಸೀಲ್ ತಾಯಿಯ ಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಿಡ್ಡೇ! ಹುಟ್ಟಿದಾಗ ಸುಮಾರು 14 ಕಿಲೋ ತೂಗುವ ಮರಿ ಮೂರೇ ವಾರದಲ್ಲಿ ಮೂರು ಪಟ್ಟು ಬೆಳೆಯುತ್ತದೆ. ಅಷ್ಟು ದಿನವೂ ತಾಯಿಗೆ ಉಪವಾಸ. ತನ್ನ ಮೈಯ ಕೊಬ್ಬನ್ನೇ ಕರಗಿಸಿ ಕುಡಿಸುತ್ತಾಳೆ. ಆಮೇಲೆ ಕಡಲಿಗೆ ಹೊರಟುಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಮರಿಗೆ ಸಿಗುವ ತಾಯಿಹಾಲೆಲ್ಲ ಆ ಮೂರು ವಾರದ್ದೇ.

ಈ ನಡುವೆ ಯಾರೋ ಒಳ್ಳೆಯ ಫೋಟೋ ಬೇಕೆಂದು ಮರಳ ಮೇಲೆ ನಡೆದುಬಂದರೆ, ತಾಯಿ ಬೆದರಿ ನೀರಿಗಿಳಿಯುತ್ತಾಳೆ. ತಾಯಿ-ಮರಿ ಒಂದನ್ನೊಂದು ಗುರುತಿಸುವುದು ವಾಸನೆಯಿಂದ, ಕೂಗಿನಿಂದ. ಆ ಗುರುತು ತಪ್ಪಿತೋ, ಮರಿಗೆ ಹಾಲಿಲ್ಲ. ಡೋನಾ ನೂಕ್ ಬ್ರಿಟಿಷ್ ವಾಯುಪಡೆಯವರು ಬಾಂಬ್ ಹಾಕಿ ಅಭ್ಯಾಸ ಮಾಡುವ ಜಾಗ. ವಿಚಿತ್ರ ನೋಡಿ, ವಿಮಾನದ ಸದ್ದಿಗೆ ಒಗ್ಗಿಕೊಂಡ ಸೀಲ್‌ಗಳಿಗೆ ಎರಡು ಕಾಲಿನ ಮನುಷ್ಯನನ್ನು ಕಂಡರೆ ಭಯ. 1914ರಲ್ಲಿ ಅವುಗಳ ರಕ್ಷಣೆಗೆ ಬ್ರಿಟನ್ ಕಾನೂನು ಮಾಡಿದ್ದು ಬೇಟೆಗಾರರ ಕಾಟಕ್ಕೆ. ಈಗ ಕ್ಯಾಮೆರಾ ಹಿಡಿದವರಿಗೂ ಬುದ್ಧಿ ಹೇಳಬೇಕಾಗಿದೆ.

ಅಲ್ಲಿ ಮರಳದಿಬ್ಬದ ಬುಡದಲ್ಲಿ ಬೇಲಿ ಹಾಕಿದ್ದಾರೆ. ಅದರಾಚೆ ಕಾಲಿಡಬೇಡಿ. ಎಷ್ಟೋ ಸಲ ಮರಿಗಳೇ ಬೇಲಿಯ ಹತ್ತಿರ ಬಂದು ಮಲಗಿರುತ್ತವೆ. ಆಗಲೂ ಮುಟ್ಟಲು ಕೈ ಚಾಚುವುದು ಬೇಡ, ಎಳೆಯ ಮರಿಯೂ ಕಚ್ಚುತ್ತದೆ. ಫ್ಲ್ಯಾಶ್ ಬೇಡ, ಡ್ರೋನ್ ಬೇಡ. ಸೀಲ್ ತಲೆಯೆತ್ತಿ ನಿಮ್ಮನ್ನೇ ದಿಟ್ಟಿಸಿದರೆ ಅದಕ್ಕೆ ಕಸಿವಿಸಿಯಾಗಿದೆ ಎಂದರ್ಥ, ಸದ್ದಿಲ್ಲದೆ ಹಿಂದೆ ಸರಿಯಿರಿ. ಮಗಳ ಮನೆಯಲ್ಲಿ ದುರ್ಬೀನಿದ್ದರೆ ಒಯ್ಯಿರಿ. ಅದರ ಗಾಜಿಗೆ ಫೋನನ್ನು ಆನಿಸಿ ಹಿಡಿದರೆ ದೂರದ್ದೂ ಹತ್ತಿರ ಬರುತ್ತದೆ. ಬಿಳಿ ಮರಿ ಫೋಟೋದಲ್ಲಿ ಮಂಕಾಗಿ ಕಾಣಿಸುವುದುಂಟು. ಪರದೆಯಲ್ಲಿ ಮರಿಯನ್ನು ಮುಟ್ಟಿ ಬೆಳಕನ್ನು ತುಸು ಹೆಚ್ಚಿಸಿಕೊಳ್ಳಿ.

ಬೇರೆ ಯಾವುದಾದರೂ ತೀರದಲ್ಲಿ ಮರಿಯೊಂದೇ ಮಲಗಿರುವುದು ಕಂಡರೆ, ‘ಅಯ್ಯೋ ಪಾಪ’ ಅಂತ ನೀರಿಗೆ ದೂಡಬೇಡಿ. ತಾಯಿ ಹತ್ತಿರದಲ್ಲೇ ಇರಬಹುದು. ಗಾಯವೋ ನಿಶ್ಶಕ್ತಿಯೋ ಕಂಡರೆ ದೂರದಲ್ಲೇ ನಿಂತು, ಅಲ್ಲಿನ ಪ್ರಾಣಿದಯಾ ಸಂಘ ಆರ್‌ಎಸ್‌ಪಿಸಿಎಗೆ ಫೋನು ಮಾಡಲು ಅಳಿಯಂದಿರಿಗೆ ಹೇಳಿ. ಇನ್ನು, ಕಡಲಗಾಳಿ ಎಲುಬು ಕೊರೆಯುತ್ತದೆ. ಫ್ಲಾಸ್ಕಿನಲ್ಲಿ ಕಾಫಿ ಮರೆಯಬೇಡಿ.