ಟಿಪ್ಪುವಿನ ಅಚ್ಚುಚಿತ್ರಗಳನ್ನು ಬರೆದವರ ಹೆಸರು ಮುಚ್ಚಬೇಡಿ

ಗೆ,
ರಾಜ್ಯದ ವಸ್ತುಸಂಗ್ರಹಾಲಯಗಳ ಮೇಲ್ವಿಚಾರಕರು ಹಾಗೂ ಇತಿಹಾಸ ಪಠ್ಯ ಸಿದ್ಧಪಡಿಸುವವರು

ವಿಷಯ: ರಾಜರ ಅಚ್ಚುಚಿತ್ರಗಳಿಗೆ ಪೂರ್ತಿ ವಿವರ ಕೊಡುವ ಬಗ್ಗೆ

ಮಾನ್ಯರೇ,

ಟಿಪ್ಪು ಸುಲ್ತಾನನ ಕಡೆಯ ಕಾಳಗದ ಅಚ್ಚುಚಿತ್ರವೊಂದನ್ನು ಈಚೆಗೆ ಒಂದು ವಸ್ತುಸಂಗ್ರಹಾಲಯದಲ್ಲಿ ನೋಡಿದೆ. ಪಕ್ಕದ ಚೀಟಿಯಲ್ಲಿ ಯುದ್ಧದ ಹೆಸರು, 1799 ಎಂಬ ಇಸವಿ ಬಿಟ್ಟರೆ ಬೇರೇನೂ ಇಲ್ಲ. ಬರೆದವರು ಯಾರು, ಕೆತ್ತಿದವರು ಯಾರು, ಎಲ್ಲಿ ಮಾರಿದರು ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ಕೆತ್ತನೆಚಿತ್ರಗಳ ಹಕ್ಕು ಕಾಯುವ 1735ರ ಬ್ರಿಟಿಷ್ ಕಾಯ್ದೆಯ ರಕ್ಷಣೆ ಬೇಕಿದ್ದರೆ ಹಕ್ಕುದಾರರ ಹೆಸರು, ಪ್ರಕಟಣೆಯ ದಿನಾಂಕ ಎರಡನ್ನೂ ತಾಮ್ರದ ತಗಡಿನಲ್ಲೇ ಕೆತ್ತಬೇಕಿತ್ತು. ಕಲಾವಿದರ ಹೆಸರೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆ ಸಾಲನ್ನೇ ಚೌಕಟ್ಟು ಮುಚ್ಚಿತ್ತು. ಪುಸ್ತಕಗಳಲ್ಲಿ ಅಚ್ಚಾಗುವಾಗಲೂ ಮೊದಲು ಕತ್ತರಿಗೆ ಸಿಗುವುದು ಅದೇ ಸಾಲು.

ಇದು ಸಣ್ಣ ಲೋಪವಲ್ಲ. ಆ ಯುದ್ಧದಲ್ಲಾದ ಶ್ರೀರಂಗಪಟ್ಟಣದ ಪತನವನ್ನು 1800ರಲ್ಲಿ ಲಂಡನ್ನಿನಲ್ಲಿ ಭಾರಿ ಪಟವಾಗಿ ತೋರಿಸಿದ ರಾಬರ್ಟ್ ಕೆರ್ ಪೋರ್ಟರ್, ಆ ಹೊತ್ತಿಗೆ ಭಾರತವನ್ನು ಕಂಡವನೇ ಅಲ್ಲ. ಜಿಯೊವಾನಿ ವೆಂಡ್ರಾಮಿನಿ ಅದನ್ನು ತಾಮ್ರದಲ್ಲಿ ಕೆತ್ತಿದ ಮೇಲೆ ಪ್ರತಿಗಳು ಮಾರಾಟಕ್ಕೆ ಬಂದವು. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಪ್ರಸಂಗವೂ ಹೀಗೆಯೇ ಹಲವು ಚಿತ್ರಗಳಾಯಿತು. ಅವುಗಳಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮಕ್ಕಳನ್ನು ಬರಮಾಡಿಕೊಳ್ಳುವ ಕರುಣಾಳು. ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕಸಿದುಕೊಂಡ ಒಪ್ಪಂದ ಆ ಚಿತ್ರಗಳಲ್ಲಿ ಎಲ್ಲೂ ಕಾಣುವುದಿಲ್ಲ.

ಇವನ್ನು ಗೋಡೆಯಿಂದ ಇಳಿಸಿ ಎಂದು ನಾನು ಕೇಳುತ್ತಿಲ್ಲ. ಚುಕ್ಕೆಯ ಮೇಲೆ ಚುಕ್ಕೆ ಕೊರೆದು ಮುಖಕ್ಕೆ ನೆರಳು ಬೆಳಕು ತರುವ ವೆಂಡ್ರಾಮಿನಿಯ ಕೈ ನಿಜಕ್ಕೂ ದೊಡ್ಡದು. ಆ ಕೌಶಲವೇ ಗೆದ್ದವರ ಮಾತಿಗೆ ಕಣ್ಣಾರೆ ಕಂಡ ಸಾಕ್ಷಿಯ ಬಲ ಕೊಟ್ಟಿತು. ಟಿಪ್ಪು ತನ್ನ ನಾಣ್ಯಗಳಲ್ಲಿ ಮುಖ ಹಾಕಿಸಲಿಲ್ಲ; ಶ್ರೀರಂಗಪಟ್ಟಣದ ತನ್ನ ಅರಮನೆ ದರಿಯಾ ದೌಲತ್‌ನ ಗೋಡೆಯಲ್ಲಿ ಇಂಗ್ಲಿಷರ ಮೇಲಿನ 1780ರ ಪೊಲ್ಲಿಲೂರಿನ ಗೆಲುವನ್ನು ಬರೆಸಿದ. ಅದೂ ಅರಸನ ಪ್ರಚಾರವೇ. ಆದರೆ ಆ ಗೋಡೆ ಊರಲ್ಲೇ ನಿಂತಿತು, ಲಂಡನ್ನಿನ ಅಚ್ಚು ದೇಶ ಸುತ್ತಿತು.

ನನ್ನ ಬೇಡಿಕೆಗಳು ಮೂರು. ಚಿತ್ರದ ಕೆಳಸಾಲು ಕಾಣುವಂತೆ ಚೌಕಟ್ಟು ಹಾಕಿಸಿ. ಬರೆದವರು, ಕೆತ್ತಿದವರು, ವರ್ಷ, ಊರು, ಕಲಾವಿದ ಸ್ಥಳ ನೋಡಿದ್ದನೇ ಇಲ್ಲವೇ, ಇಷ್ಟನ್ನೂ ಕನ್ನಡದಲ್ಲಿ ಬರೆಸಿ. ಪಠ್ಯದಲ್ಲಿ ಲಂಡನ್ನಿನ ಅಚ್ಚಿನ ಪಕ್ಕದಲ್ಲೇ ಪೊಲ್ಲಿಲೂರಿನ ಭಿತ್ತಿಚಿತ್ರವನ್ನೂ ಕೊಡಿ.

ಇದಕ್ಕೆ ಹೆಚ್ಚಿನ ಹಣ ಬೇಡ, ಮನಸ್ಸು ಬೇಕು. ನಮ್ಮ ಮಕ್ಕಳು ತಮ್ಮ ನೆಲದ ಅರಸನನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂದು ತಿಳಿದು ನೋಡಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಇತಿಹಾಸಾಸಕ್ತ, ಮೈಸೂರು